ಹೆಬ್ಬೆಟ್ಟಿನ ಲೆಕ್ಕ

ನಮ್ಮ ಮಾತಿನಲ್ಲಿ ‘ಹೆಬ್ಬೆಟ್ಟು’ ಎಂಬುದು ಬೆರಳಿನ ಹೆಸರೂ ಹೌದು, ಬೈಗುಳವೂ ಹೌದು. ಅಕ್ಷರ ಬಾರದವರನ್ನು ಒಂದೇ ಮಾತಲ್ಲಿ ಬದಿಗೆ ತಳ್ಳಬೇಕಾದಾಗ ‘ಅವನು ಹೆಬ್ಬೆಟ್ಟು’ ಎನ್ನುತ್ತೇವೆ. ನನ್ನ ಅಮ್ಮ ಹೆಬ್ಬೆಟ್ಟು. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ಸರದಿಯಲ್ಲಿ ನಿಂತು, ಒಂದು ಪುಟ್ಟ ಯಂತ್ರದ ಗಾಜಿನ ಮೇಲೆ ಬೆರಳು ಒತ್ತುತ್ತಾಳೆ. ರಾಗಿ ಹೊಲದಲ್ಲಿ ಕಳೆ ಕಿತ್ತು, ಕುಡುಗೋಲು ಹಿಡಿದು, ಬೂದಿಯಲ್ಲಿ ಪಾತ್ರೆ ಉಜ್ಜಿ ಐವತ್ತು ವರ್ಷ ಸವೆದ ಬೆರಳು ಅದು. ಗೆರೆಗಳು ಅಳಿಸಿಹೋಗಿವೆ. ಯಂತ್ರ ಒಪ್ಪುವುದಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ, ಮತ್ತೆ ಒತ್ತುತ್ತಾಳೆ. ಒಂದು ತಿಂಗಳು ಅಕ್ಕಿಯಿಲ್ಲದೆ ಖಾಲಿ ಚೀಲ ಹಿಡಿದು ಮನೆಗೆ ಬಂದವಳು ಜಗಲಿಯ ಮೇಲೆ ಕೂತು, ಬೆರಳನ್ನೇ ನೋಡಿಕೊಳ್ಳುತ್ತಾ, ‘ನಾನು ನಾನಲ್ಲ ಅಂತೈತಲ್ಲಪ್ಪ ಅದು’ ಎಂದಳು.

ದುಡಿದ ಗುರುತೇ ಇರುವ ಬೆರಳನ್ನು ಗುರುತಿಲ್ಲದ ಬೆರಳೆಂದು ಕರೆಯುವ ಈ ಏರ್ಪಾಡು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಅದು ನನ್ನನ್ನು ಮೊದಲು ಬಂಗಾಳಕ್ಕೆ ಕರೆದೊಯ್ದು, ಆಮೇಲೆ ನಮ್ಮ ಊರಿನಿಂದ ರೈಲಿನಲ್ಲಿ ತುಸು ಹೊತ್ತಿನ ದಾರಿಯಾದ ಕೋಲಾರದ ಚಿನ್ನದ ಗಣಿಗೇ ತಂದು ನಿಲ್ಲಿಸಿತು.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಅಧಿಕಾರಿಯಿದ್ದ. ರಸ್ತೆಗೆ ಜಲ್ಲಿ ಒದಗಿಸುವ ಕರಾರಿಗೆ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರ ಸಹಿ ಹಾಕಬೇಕಿತ್ತು. ಹರ್ಶೆಲ್ ಅವನ ಅಂಗೈಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿಕೊಂಡ. ಮುಂದೆ ‘ಈ ಸಹಿ ನನ್ನದಲ್ಲ’ ಎಂದು ಅವನು ಹೇಳದಂತೆ ಹೆದರಿಸುವುದು ತನ್ನ ಉದ್ದೇಶವಾಗಿತ್ತೆಂದು ಹರ್ಶೆಲನೇ ಕೊನೆಗಾಲದಲ್ಲಿ ಬರೆದುಕೊಂಡಿದ್ದಾನೆ. ಆಡಳಿತದ ಕಡತದಲ್ಲಿ ಕೈಗುರುತಿನ ಕಥೆ ಶುರುವಾದದ್ದು ಹೀಗೆ, ಎದುರಿಗಿರುವವನು ಮೋಸಮಾಡಿಯೇ ಮಾಡುತ್ತಾನೆಂಬ ಅನುಮಾನದಿಂದ.

ಅದೇ 1858ರಲ್ಲಿ ಇನ್ನೊಂದು ಕರಾರೂ ಆಯಿತು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ರಾಣಿಯ ಕೈಗೆ ಹೋಯಿತು. ಕಂಪನಿಯ ಷೇರುದಾರರಿಗೆ ವರ್ಷಕ್ಕೆ ನೂರಕ್ಕೆ ಹತ್ತೂವರೆ ಲಾಭಾಂಶ ಮುಂದುವರಿಯಿತು, ಅದನ್ನು ಕೊಟ್ಟದ್ದು ಭಾರತದ ಕಂದಾಯದಿಂದ. 1857ರ ದಂಗೆಯನ್ನು ಅಡಗಿಸಿದ ಖರ್ಚನ್ನೂ ಭಾರತದ ಸಾಲದ ಖಾತೆಗೇ ಬರೆದರು. ಸೋತವರು ತಾವು ಸೋತದ್ದರ ವೆಚ್ಚವನ್ನು ತಾವೇ ತೆರಬೇಕಾಯಿತು. ಜಲ್ಲಿ ಮಾರುವವನ ಅಂಗೈ ಬೇಕಾಯಿತು, ಈ ಸಾಲಕ್ಕೆ ಮಾತ್ರ ಯಾವ ರೈತನ ಒಂದು ಬೆರಳೂ ಬೇಕಾಗಲಿಲ್ಲ. ನನಗೆ ಈ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಬಡತನ ಎಂದಾಗ ನಾವು ಇಲ್ಲದಿರುವುದನ್ನು ನೆನೆಯುತ್ತೇವೆ: ಓದಿಲ್ಲ, ನೆಲವಿಲ್ಲ, ಕೆಲಸವಿಲ್ಲ. ಆದರೆ ಬಹಳ ಕಡೆ ಬಡತನವೆಂದರೆ ಬೇರೆಯವರ ಲೆಕ್ಕದಲ್ಲಿ ಕೊನೆಗೆ ಉಳಿದ ಬಾಕಿ. ಆ ಲೆಕ್ಕದ ಪುಸ್ತಕ ಬಡವರ ಕೈಗೆ ಎಂದೂ ಸಿಗುವುದಿಲ್ಲ.

ಕೋಲಾರದ ಸೀಮೆಯಲ್ಲಿ ಚಿನ್ನವಿದೆಯೆಂಬುದು ಇಂಗ್ಲಿಷರು ಕಂಡುಹಿಡಿದ ಸಂಗತಿಯಲ್ಲ. 1802ರಲ್ಲಿ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಇಲ್ಲಿಯ ಹಳ್ಳಿಯವರೇ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದ್ದರು. ಎಪ್ಪತ್ತು ವರ್ಷಗಳ ಬಳಿಕ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿ ಅಗೆಯುವ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಆ ವರ್ಷವನ್ನು ಗಮನಿಸಬೇಕು. ಅದರ ಹಿಂದೆಯೇ 1876ರಿಂದ 78ರವರೆಗಿನ ಬರವಿದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಜನ ಸಾಯುತ್ತಿದ್ದಾಗ ಬಂದರುಗಳಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ದೊಡ್ಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಗೊತ್ತುಮಾಡಿದ. ಮುಂಬಯಿ ಪ್ರಾಂತ್ಯದಲ್ಲಿ ಆ ಹಸಿದ ಜನರೇ ಗುಂಪುಗುಂಪಾಗಿ ಕೆಲಸ ಬಿಟ್ಟು ಹೊರಟರು. ಹೊಟ್ಟೆಗಿಲ್ಲದವರೂ ಮುಷ್ಕರ ಹೂಡಿದರು ಎಂಬುದನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಗಣಿಗೆ ಆಳುಗಳು ಬಂದದ್ದು ಈ ಬರದ ಸೀಮೆಗಳಿಂದಲೇ. ಉತ್ತರ ಆರ್ಕಾಟ್, ಚಿತ್ತೂರು ಕಡೆಗಳ ತಮಿಳು, ತೆಲುಗು ಮಾತಾಡುವ ಜನ, ಅವರಲ್ಲಿ ಹೆಚ್ಚಿನವರು ದಲಿತರು. ಅವರನ್ನು ಬಡವರನ್ನಾಗಿಸಿದ್ದು ಬಿಳಿಯರು ಮಾತ್ರ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಊರಿನ ಕೆರೆಯ ನೀರು ಮುಟ್ಟಗೊಡದ, ಉಳುವ ನೆಲದಲ್ಲಿ ಪಾಲು ಕೊಡದ ನಮ್ಮ ವ್ಯವಸ್ಥೆ ಲಂಡನ್ನಿನ ಯಾವ ಕಂಪನಿಗಿಂತಲೂ ಹಳೆಯದು. ಎಷ್ಟೋ ಕುಟುಂಬಗಳಿಗೆ ಗಣಿಯ ಕೂಲಿ ಗೌಡನ ಜೀತದಿಂದ ಬಿಡುಗಡೆಯ ದಾರಿಯೂ ಆಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗಣಿಯೂರಾದ ಮಾರಿಕುಪ್ಪಂನಲ್ಲಿ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ತೆರೆದುಕೊಂಡಿತ್ತು. ಊರಲ್ಲಿ ತಲೆಯೆತ್ತಲಾಗದವರು ಗಣಿಯ ಲೈನ್ ಮನೆಗಳಲ್ಲಿ ತಲೆಯೆತ್ತಿ ಓದತೊಡಗಿದ್ದರು. ಕಂಪನಿ ಜಾತಿಯನ್ನು ಹುಟ್ಟಿಸಲಿಲ್ಲ. ಸಿದ್ಧವಾಗಿ ಸಿಕ್ಕ ಏಣಿಯನ್ನು ಕಳಚದೆ ಹಾಗೆಯೇ ಗಣಿಯೊಳಕ್ಕೆ ಇಳಿಬಿಟ್ಟಿತು. ಕೆಳಗಿನ ಮೆಟ್ಟಿಲಿನವರು ಎಲ್ಲರಿಗಿಂತ ಕೆಳಗೆ ಇಳಿದರು. ಚಾಂಪಿಯನ್ ರೀಫ್ ಗಣಿಯಲ್ಲಿ ಆ ‘ಕೆಳಗೆ’ ಎಂಬುದು ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳವಾಗಿತ್ತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು, ಒಮ್ಮೊಮ್ಮೆ ಬಂಡೆ ತಾನಾಗಿ ಸಿಡಿದು ಸುರಂಗದಲ್ಲಿದ್ದವರನ್ನು ಹೂತುಹಾಕುತ್ತಿತ್ತು.

ಮೇಲೆ ಜನ ‘ಪುಟ್ಟ ಇಂಗ್ಲೆಂಡ್’ ಎನ್ನುತ್ತಿದ್ದ ಊರು ಬೆಳೆಯಿತು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತಂತಿಯಲ್ಲಿ 147 ಕಿಲೋಮೀಟರ್ ದೂರ ಹರಿದು ಗಣಿಗೆ ಬಂತು. ಬೆಂಗಳೂರು ನಗರ ದೀಪ ಕಂಡದ್ದು ಅದಾಗಿ ಮೂರು ವರ್ಷಕ್ಕೆ. ಚಿನ್ನ ಇಂಗ್ಲೆಂಡಿಗೆ ಹೋಯಿತು. ಮೈಸೂರಿಗೆ ಸಿಕ್ಕಿದ್ದು ಮುಖ್ಯವಾಗಿ ನೂರಕ್ಕೆ ಐದರ ರಾಯಧನ. ಅತ್ತ ಮೈಸೂರು ಬ್ರಿಟಿಷರಿಗೆ ವರ್ಷವರ್ಷವೂ ಪೊಗದಿ ಕಟ್ಟುತ್ತಿತ್ತು, ಮೊದಲು 24.5 ಲಕ್ಷ ರೂಪಾಯಿ, ಮುಂದೆ 35 ಲಕ್ಷ. ನಮ್ಮ ನೆಲದಡಿಯ ಚಿನ್ನದಿಂದ ನಮಗೆ ಬಂದ ಚೂರೂ ಹೀಗೆ ಇನ್ನೊಂದು ಬಾಗಿಲಿನಿಂದ ಅದೇ ಮನೆಗೆ ವಾಪಸಾಗುತ್ತಿತ್ತು.

ಲೆಕ್ಕದ ಮಟ್ಟಿಗೆ ಕಂಪನಿಯ ಶಿಸ್ತು ದೊಡ್ಡದು. ಔನ್ಸಿನ ಭಾಗವನ್ನೂ ಬಿಡದೆ ಚಿನ್ನ ತೂಗುತ್ತಿದ್ದರು, ಪಾಳಿ ಮುಗಿಸಿ ಮೇಲೆ ಬಂದವರ ಬಟ್ಟೆ ಬಿಚ್ಚಿಸಿ ಝಡತಿ ಮಾಡುತ್ತಿದ್ದರು. ಯಾರ ಬಾಯಲ್ಲಿ, ಯಾರ ಕೂದಲಲ್ಲಿ ಚಿನ್ನದ ಕಣ ಅಡಗಿದೆಯೋ ಎಂಬ ಅನುಮಾನ. ಎದೆಯೊಳಗೆ ಇಳಿದ ಕಲ್ಲಿನ ದೂಳನ್ನು ಮಾತ್ರ ದಶಕಗಟ್ಟಲೆ ಯಾರೂ ಝಡತಿ ಮಾಡಲಿಲ್ಲ. 1940ರ ದಶಕದಲ್ಲಿ ಕೊನೆಗೂ ದೊಡ್ಡ ತಪಾಸಣೆ ನಡೆದಾಗ, ನೋಡಿದ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ 43 ಮಂದಿಗೂ ಮೀರಿ ಸಿಲಿಕೋಸಿಸ್ ಇತ್ತು. ಚಿನ್ನದ ಕಣವನ್ನು ಹೊರಗೆ ಒಯ್ದರೆ ಕಳವು. ಕಲ್ಲಿನ ಕಣವನ್ನು ಎದೆಯಲ್ಲಿಟ್ಟುಕೊಂಡು ಮನೆಗೆ ಹೋದರೆ ಅದಕ್ಕೆ ಬಹುಕಾಲ ಯಾವ ಕಾಯಿದೆಯೂ ಇರಲಿಲ್ಲ.

1930ರ ಏಪ್ರಿಲ್. ಆ ತಿಂಗಳು ದಂಡಿಯ ಕಡಲತಡಿಯಲ್ಲಿ ಗಾಂಧೀಜಿ ಒಂದು ಹಿಡಿ ಉಪ್ಪು ಎತ್ತಿದರು. ಅದೇ ತಿಂಗಳು ಕೋಲಾರದ ಗಣಿಯಲ್ಲಿ ಸಾವಿರಾರು ಕಾರ್ಮಿಕರು ಕೆಳಗಿಳಿಯುವುದಿಲ್ಲವೆಂದು ನಿಂತರು. ಮಾನ್ಯತೆ ಪಡೆದ ಸಂಘವಿರಲಿಲ್ಲ, ಹೆಸರು ಹೇಳಿ ಕರೆಯಬಹುದಾದ ನಾಯಕರಿರಲಿಲ್ಲ. ಕಾರಣ ಕೇಳಿದರೆ ಹೊರಗಿನವರಿಗೆ ಅಲ್ಪವೆನಿಸುವಂಥದ್ದು: ಕಾರ್ಮಿಕರ ಬೆರಳಗುರುತು ತೆಗೆದುಕೊಂಡು ನೋಂದಣಿ ಮಾಡಲು ಕಂಪನಿ ಹೊರಟಿತ್ತು. ಬಂಡೆ ಸಿಡಿದು ಸತ್ತವರನ್ನು ಹೊತ್ತು ಮರುದಿನ ಮತ್ತೆ ಕೆಳಗಿಳಿದಿದ್ದ ಜನ ಒಂದು ಚೂರು ಮಸಿಗೆ ಯಾಕೆ ಸಿಡಿದೆದ್ದರು? ಬೆರಳಗುರುತು ಆ ಹೊತ್ತಿಗೆ ಪೊಲೀಸ್ ಠಾಣೆಯ ವಸ್ತುವಾಗಿತ್ತು. ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಮಾಡಿದ 1871ರ ಕಾಯಿದೆ ಹೊಸ ರೂಪದಲ್ಲಿ ಇನ್ನೂ ಜೀವಂತವಿತ್ತು. ಬೆರಳು ಕೊಡುವುದೆಂದರೆ ‘ನಾನು ಕಳ್ಳ’ ಎಂದು ತಾನೇ ಬರೆದುಕೊಟ್ಟಂತೆ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಹೆಬ್ಬೆಟ್ಟೆಂದು ಕರೆಸಿಕೊಂಡವರೇ ಹೆಬ್ಬೆಟ್ಟು ಕೊಡಲೊಲ್ಲೆವೆಂದು ವಾರಗಳ ಕಾಲ ಗಣಿಯನ್ನು ನಿಲ್ಲಿಸಿದರು.

ಪ್ರತಿಭಟನೆಗಳ ಬಗ್ಗೆ ನಾವು ಸುಖವಾಗಿರುವವರು ಆಡುವ ಮಾತು ಯಾವಾಗಲೂ ಒಂದೇ: ‘ಇಷ್ಟಕ್ಕೆಲ್ಲ ಬೀದಿಗಿಳಿಯಬೇಕೆ?’ ನಾನೂ ಆಡಿದ್ದೇನೆ. ಒಮ್ಮೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆ ತುಂಬಿ ನಿಂತಿದ್ದಾಗ, ಬಸ್ಸಿನಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದು ಗೊಣಗಿದ್ದೆ. ಅದು 2016ರ ಏಪ್ರಿಲ್, ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಹೊಸ ನಿರ್ಬಂಧ ಬಂದಿತ್ತು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಗೊಣಗಿದ್ದಕ್ಕೆ ಆಮೇಲೆ ನಾಚಿಕೆಪಟ್ಟೆ. ಕಾರಣ ಸಣ್ಣದಾಗಿ ಕಾಣುವುದು ನಾವು ಕೊನೆಯ ಸಾಲನ್ನು ಮಾತ್ರ ಓದುವುದರಿಂದ. ಅವರು ಪುಸ್ತಕವಿಡೀ ಬಾಳಿದವರು.

ಬೆರಳಿನ ಈ ದಾರಿ ಒಂದು ಸಮುದ್ರವನ್ನೂ ದಾಟುತ್ತದೆ. 1897ರಲ್ಲಿ ಕಲ್ಕತ್ತದಲ್ಲಿ ಬೆರಳಗುರುತಿನ ಕಚೇರಿ ಶುರುವಾಯಿತು. ಗುರುತುಗಳನ್ನು ವಿಂಗಡಿಸುವ ಕಷ್ಟದ ಗಣಿತ ಮಾಡಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಮುಖ್ಯರು. ಪದ್ಧತಿಗೆ ಬಿದ್ದ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಅದೇ ಹೆನ್ರಿಯನ್ನು 1900ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾದ ಪೊಲೀಸ್ ವ್ಯವಸ್ಥೆ ಕಟ್ಟಲು ಕಳಿಸಿದರು. ಜೋಹಾನ್ಸ್‌ಬರ್ಗ್ ಎಂದರೆ ಇನ್ನೊಂದು ಚಿನ್ನದ ಊರು, ನಮ್ಮ ಗಣಿಯ ಅಣ್ಣ. 1906ರಲ್ಲಿ ಅಲ್ಲಿಯ ಸರ್ಕಾರ ಎಲ್ಲ ಭಾರತೀಯರೂ ಹತ್ತು ಬೆರಳುಗಳ ಗುರುತು ಕೊಟ್ಟು ಚೀಟಿ ಇಟ್ಟುಕೊಳ್ಳಬೇಕೆಂದಿತು. ಸೆಪ್ಟೆಂಬರ್ 11ರಂದು ಎಂಪೈರ್ ನಾಟಕಶಾಲೆಯಲ್ಲಿ ಸೇರಿದ ಜನ ಒಪ್ಪುವುದಿಲ್ಲವೆಂದು ಪ್ರಮಾಣ ಮಾಡಿದರು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ, ಬೆರಳಿನ ವಿಷಯಕ್ಕೆ. ನಡುವೆ ಗಾಂಧೀಜಿ ರಾಜಿಗೆ ಬಂದು, ಸ್ವಇಚ್ಛೆಯಿಂದ ಕೊಡುವುದಾದರೆ ಗುರುತು ಕೊಡಬಹುದೆಂದರು. ಅದನ್ನು ದ್ರೋಹವೆಂದು ಬಗೆದ ಪಠಾಣನೊಬ್ಬ 1908ರ ಫೆಬ್ರವರಿಯಲ್ಲಿ ಅವರನ್ನು ಹೊಡೆದು ಕೆಡವಿದ. ಸರ್ಕಾರ ಮಾತು ತಪ್ಪಿತೆಂದು ಆ ವರ್ಷದ ಆಗಸ್ಟಿನಲ್ಲಿ ಮಸೀದಿಯ ಅಂಗಳದಲ್ಲಿ ಸಾವಿರಾರು ಚೀಟಿಗಳನ್ನು ಕಡಾಯಿಗೆ ಹಾಕಿ ಸುಟ್ಟರು. ಒತ್ತಾಯಕ್ಕೆ ಕೊಟ್ಟ ಬೆರಳಿಗೂ ಒಪ್ಪಿ ಕೊಟ್ಟ ಬೆರಳಿಗೂ ಮಸಿ ಒಂದೇ, ಕೊಟ್ಟವನು ಒಂದೇ ಅಲ್ಲ. ಗಾಂಧೀಜಿ ಹಿಡಿಯಹೊರಟಿದ್ದು ಆ ಸೂಕ್ಷ್ಮವನ್ನು. ಆ ಹೋರಾಟದಲ್ಲಿ ಜೈಲು ಕಂಡವರಲ್ಲಿ ತಮಿಳರು ಬಹಳ. ನಟಾಲಿಗೆ ಕರಾರಿನ ಕೂಲಿಗಳಾಗಿ ಹಡಗು ಹತ್ತಿದವರಲ್ಲಿ ಅನೇಕರು ನಮ್ಮ ಗಣಿಗೆ ಆಳು ಕಳಿಸಿದ ಅದೇ ಉತ್ತರ ಆರ್ಕಾಟ್ ಸೀಮೆಯವರು. ಒಂದೇ ಬರ, ಎರಡು ದಾರಿ.

ಆ ನೆಲದ ಮಕ್ಕಳಾದ ಆಫ್ರಿಕನ್ನರು ಅದಕ್ಕೂ ಮೊದಲಿನಿಂದಲೇ ಓಡಾಟದ ಪರವಾನಗಿಯ ಪಾಸು ಹೊತ್ತು ತಿರುಗುತ್ತಿದ್ದರು. ಭಾರತೀಯರ ಹೋರಾಟ ಅವರನ್ನು ಜೊತೆಗೆ ಕರೆದುಕೊಳ್ಳಲಿಲ್ಲ. ಇದನ್ನು ನಾವು ಮುಚ್ಚಿಡಬಾರದು. ಅವರ ಸರದಿ ಬಂದಾಗ ಬೆಲೆ ಇನ್ನೂ ಹೆಚ್ಚಾಯಿತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸಿನ ವಿರುದ್ಧ ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ವರ್ಣಭೇದ ನೀತಿ ಮುಗಿದು ಎಷ್ಟೋ ವರ್ಷಗಳಾದ ಮೇಲೆ, 2012ರ ಆಗಸ್ಟ್ 16ರಂದು, ಮರಿಕಾನಾ ಎಂಬಲ್ಲಿ ಪ್ಲಾಟಿನಂ ಗಣಿಯ 34 ಮಂದಿ ಮುಷ್ಕರನಿರತ ಕಾರ್ಮಿಕರು ಪೊಲೀಸರ ಗುಂಡಿಗೆ ಸತ್ತರು. ಈ ಸಲ ಪೊಲೀಸರು ಅವರದೇ ಮತದಿಂದ ಬಂದ ಸರ್ಕಾರದವರು. ಬಾವುಟ ಬದಲಾದ ದಿನ ಸಾಲದ ಪುಸ್ತಕ ಹರಿದುಹೋಗುತ್ತದೆಂದು ನಂಬಿದ್ದವರಿಗೆ ಮರಿಕಾನಾ ಅಂದು ಬೇರೆಯದನ್ನೇ ತೋರಿಸಿತು.

ನಮ್ಮಲ್ಲೂ ಹಾಗೆಯೇ. 1946ರಲ್ಲಿ ಕೋಲಾರದ ಗಣಿಯಲ್ಲಿ ದೀರ್ಘ ಮುಷ್ಕರ ನಡೆಯಿತು, ಗುಂಡೇಟಿಗೆ ಕಾರ್ಮಿಕರು ಬಲಿಯಾದರು. ಸ್ವಾತಂತ್ರ್ಯ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. ಅಷ್ಟರಲ್ಲಿ ತಿರುಳು ಮುಗಿದಿತ್ತು. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ 800 ಟನ್ನಿಗೂ ಹೆಚ್ಚಿನ ಚಿನ್ನದಲ್ಲಿ ಸುಲಭದ್ದು, ಸಮೃದ್ಧವಾದದ್ದು ಮೊದಲ ದಶಕಗಳಲ್ಲೇ ಹೊರಟುಹೋಯಿತು. ಸ್ವತಂತ್ರ ದೇಶಕ್ಕೆ ಉಳಿದದ್ದು ಅತಿ ಆಳದ, ಅತಿ ಬಡ ಅದಿರು. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿಮಾಡಿದರೆ ಮೂರು ಗ್ರಾಂ ಚಿನ್ನವೂ ಕಷ್ಟ. ಆಗ ‘ನಷ್ಟ’ ಎಂಬ ಪದ ಕೇಳಿಬಂತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ಆ ಪದದ ಬಗ್ಗೆ ನನಗೆ ತಕರಾರಿದೆ. ಲಾಭದ ವರ್ಷಗಳನ್ನು ಒಂದು ಪುಸ್ತಕದಲ್ಲೂ ನಷ್ಟದ ವರ್ಷಗಳನ್ನು ಇನ್ನೊಂದು ಪುಸ್ತಕದಲ್ಲೂ ಬರೆದು, ಎರಡನೆಯದನ್ನು ಮಾತ್ರ ಕಾರ್ಮಿಕನ ಮುಂದೆ ಬಿಡಿಸಿಟ್ಟರೆ ಅದು ಲೆಕ್ಕವಾಗುವುದಿಲ್ಲ. ಲಾಭದ ಜೊತೆಗೆ ಹುಟ್ಟಿದ ಸೈನೈಡ್ ಗುಡ್ಡಗಳು ಇಂದಿಗೂ ಊರಿನ ನಡುವೆ ನಿಂತಿವೆ. ಗಾಳಿ ಬೀಸಿದಾಗ ಏಳುವ ದೂಳು ಬೀಳುವುದು ಲೈನ್ ಮನೆಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮಕ್ಕಳ ಮೇಲೆ.

ಆದರೆ ಆ ಊರು ಇನ್ನೊಂದು ಲೆಕ್ಕವನ್ನೂ ಹುಟ್ಟಿಸಿತು. ಗಣಿಯ ಲೈನುಗಳಲ್ಲಿ ನೀರಿಲ್ಲದ ಒಣ ಪಾಯಿಖಾನೆಗಳಿದ್ದವು, ಅವನ್ನು ಕೈಯಿಂದ ಬಳಿದು ಬುಟ್ಟಿಯಲ್ಲಿ ಹೊರುವ ಕೆಲಸ ಒಂದೇ ಜಾತಿಯ ಪಾಲಿನದಾಗಿತ್ತು. ಅಂಥ ಮನೆಯಲ್ಲಿ, ಗಣಿಯೂರಾದ ಕೆಜಿಎಫ್‌ನಲ್ಲೇ, 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಮನೆಯವರು ಮಾಡುವ ಕೆಲಸವೇನೆಂಬುದನ್ನು ಅವರಿಂದ ಬಹುಕಾಲ ಮುಚ್ಚಿಡಲಾಗಿತ್ತು. ಗೊತ್ತಾದ ಮೇಲೆ ಅವರು ಮಾಡಿದ್ದು ಎಣಿಕೆ. ಎಲ್ಲೆಲ್ಲಿ ಪಾಯಿಖಾನೆಗಳಿವೆ, ಯಾರು ಬಳಿಯುತ್ತಾರೆ ಎಂದು ಬರೆದಿಟ್ಟುಕೊಂಡರು, ಚಿತ್ರ ತೆಗೆದರು. ಮಲ ಹೊರುವುದನ್ನು ನಿಷೇಧಿಸುವ ಕಾಯಿದೆ 1993ರಲ್ಲೇ ಬಂದಿತ್ತು. ‘ನಮ್ಮಲ್ಲಿ ಅಂಥದ್ದು ಇಲ್ಲ’ ಎಂಬುದು ಸರ್ಕಾರಗಳ ಸಿದ್ಧ ಉತ್ತರವಾಗಿತ್ತು. ವಿಲ್ಸನ್ ಮತ್ತು ಸಂಗಡಿಗರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಆ ‘ಇಲ್ಲ’ದ ಎದುರು ತನ್ನ ಪಟ್ಟಿಯನ್ನಿಟ್ಟಿತು. ಹನ್ನೊಂದು ವರ್ಷಗಳ ಬಳಿಕ, 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದ ಮ್ಯಾನ್‌ಹೋಲಿನಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಆಂದೋಲನದ ಹೆಂಗಸರು ತಾವು ಹೊತ್ತ ಬುಟ್ಟಿಗಳನ್ನು ಬೀದಿಯಲ್ಲಿಟ್ಟು ಸುಟ್ಟರು. ಜೋಹಾನ್ಸ್‌ಬರ್ಗಿನ ಆ ಕಡಾಯಿಯ ಕಥೆಯನ್ನು ಅವರಲ್ಲಿ ಎಷ್ಟು ಮಂದಿ ಕೇಳಿದ್ದರೋ, ಬೆಂಕಿ ಮಾತ್ರ ಅದೇ ಬೆಂಕಿ.

ಇತಿಹಾಸವನ್ನು ಕೆದಕಿ ಏನು ಪ್ರಯೋಜನ, ಆದದ್ದು ಆಗಿಹೋಯಿತು ಎನ್ನುವವರಿದ್ದಾರೆ. ಕೆಡುಕಿನ ಮಾತಲ್ಲ ಅದು, ದಣಿವಿನ ಮಾತು. ಆದರೆ ಆಗಿಹೋದದ್ದು ಎನ್ನಲು ಅದು ಮುಗಿದಿರಬೇಕಲ್ಲ. ಸಿಲಿಕೋಸಿಸ್‌ನಿಂದ ಸತ್ತ ಅಪ್ಪನ ಮಗ ಶಾಲೆ ಬಿಟ್ಟ. ಆ ಮಗನ ಮಗಳು ಈಗ ರೈಲಿನಲ್ಲಿದ್ದಾಳೆ.

ಆ ರೈಲನ್ನು ನಾನು ಹಲವು ಸಲ ಹತ್ತಿದ್ದೇನೆ. ಮಾರಿಕುಪ್ಪಂನಿಂದ ಇನ್ನೂ ಕತ್ತಲಿರುವಾಗಲೇ ಹೊರಡುತ್ತದೆ. ಚಾಂಪಿಯನ್, ಊರಿಗಾಂ, ಕೋರಮಂಡಲ ಎಂದು ಗಣಿಗಳ ಹೆಸರೇ ಹೊತ್ತ ನಿಲ್ದಾಣಗಳಲ್ಲಿ ಜನ ಹತ್ತುತ್ತಲೇ ಇರುತ್ತಾರೆ. ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಾತಂದಿರು ನೆಲದೊಳಗೆ ಮೂರು ಕಿಲೋಮೀಟರ್ ಇಳಿಯುತ್ತಿದ್ದರು, ಮೊಮ್ಮಕ್ಕಳು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದಿನವೂ ಹೋಗಿಬರುತ್ತಾರೆ. ಕಟ್ಟಡದ ಕೆಲಸ, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಅಂಗಡಿ, ಆಫೀಸು. ತಮಿಳು, ತೆಲುಗು, ಕನ್ನಡ ಒಂದೇ ಸೀಟಿನ ಮೇಲೆ ಕೂತಿರುತ್ತವೆ. ಒಂದು ಬೆಳಿಗ್ಗೆ ನನ್ನ ಎದುರು ಕೂತಿದ್ದ ಹುಡುಗಿ ಡಬ್ಬಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಕಂಟೋನ್‌ಮೆಂಟ್ ಹತ್ತಿರ ಬರುತ್ತಿದ್ದಂತೆ ಎಚ್ಚರವಾಗಿ, ಕರವಸ್ತ್ರದಿಂದ ಹೆಬ್ಬೆರಳನ್ನು ಚೆನ್ನಾಗಿ ಒರೆಸಿಕೊಂಡಳು. ಯಾಕೆಂದು ಕೇಳಿದೆ. ಹಾಜರಿ ಯಂತ್ರ ಬೆವರಿದ ಬೆರಳನ್ನು ತಗೊಳ್ಳುವುದಿಲ್ಲವಂತೆ, ತಗೊಳ್ಳದಿದ್ದರೆ ಅರ್ಧ ದಿನದ ಸಂಬಳ ಹೋಗುತ್ತದಂತೆ. ಹೇಳಿ, ಬೆರಳನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿಕೊಂಡು, ನೂಕುನುಗ್ಗಲಿನಲ್ಲಿ ಇಳಿದುಹೋದಳು.